ಭದ್ರಾವತಿಯ ಮರಣದಂಡನೆ ತೀರ್ಪು: ಹೈಕೋರ್ಟ್ ಏನನ್ನು ನೋಡುತ್ತದೆ?

2016ರ ಕೊಲೆ ಪ್ರಕರಣವೊಂದರಲ್ಲಿ ಭದ್ರಾವತಿಯ ಹೆಚ್ಚುವರಿ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವು 2025ರ ಆಗಸ್ಟ್‌ನಲ್ಲಿ ಇಬ್ಬರಿಗೆ ಮರಣದಂಡನೆ ವಿಧಿಸಿತು. ಒಂಬತ್ತು ವರ್ಷ ಕಾದ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಆದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿಯುವಂತಿಲ್ಲ. ಸತ್ರ ನ್ಯಾಯಾಲಯ ನೀಡಿದ ಮರಣದಂಡನೆಯನ್ನು ಹೈಕೋರ್ಟ್ ದೃಢಪಡಿಸುವ ತನಕ ಜಾರಿಗೊಳಿಸುವಂತಿಲ್ಲ.

"ತಪ್ಪು ಸಾಬೀತಾದ ಮೇಲೂ ಮೇಲಿನ ಕೋರ್ಟು ಏಕೆ?" ಎಂದು ನಮ್ಮ ಜನ ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ಉತ್ತರವನ್ನು ಕಾನೂನಿನಲ್ಲೇ ಹುಡುಕೋಣ.

ಸಾಮಾನ್ಯ ಮೇಲ್ಮನವಿಯಲ್ಲಿ ಕೆಳ ನ್ಯಾಯಾಲಯದ ಮಾತಿಗೆ ತೂಕವಿದೆ. ಸಾಕ್ಷಿಗಳನ್ನು ಕಣ್ಣಾರೆ ಕಂಡವರು ಅಲ್ಲಿನ ನ್ಯಾಯಾಧೀಶರು. ಮೇಲಿನವರ ಮುಂದೆ ಇರುವುದು ಕಾಗದಪತ್ರ ಮಾತ್ರ. ಆರೋಪಿ ಖುಲಾಸೆಯಾಗಿದ್ದರೆ ಎಚ್ಚರ ಇನ್ನೂ ಹೆಚ್ಚು. ಸಾಕ್ಷ್ಯದಿಂದ ಎರಡು ಅಭಿಪ್ರಾಯಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು.

ಮರಣದಂಡನೆಯ ವಿಷಯ ಬೇರೆ. ಶಿಕ್ಷೆಗೊಳಗಾದವರು ಮೇಲ್ಮನವಿ ಸಲ್ಲಿಸದಿದ್ದರೂ ಕಡತ ಹೈಕೋರ್ಟಿಗೆ ಹೋಗಲೇಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 366ನೇ ಕಲಂ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 407ನೇ ಕಲಂ ಅದನ್ನೇ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ಇಂತಹ ಕಡತ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತದೆ. ಅಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡಬೇಕು. ಅವರು ಶಿಕ್ಷೆಯನ್ನು ಎತ್ತಿ ಹಿಡಿಯಬಹುದು, ಜೀವಾವಧಿಗೆ ಇಳಿಸಬಹುದು, ಹೆಚ್ಚಿನ ಸಾಕ್ಷ್ಯ ಕೇಳಬಹುದು, ಮರುವಿಚಾರಣೆಗೆ ಆದೇಶಿಸಬಹುದು, ಬಿಡುಗಡೆಯನ್ನೂ ಮಾಡಬಹುದು.

ಅಪರಾಧ ಸಾಬೀತಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇದು "ಅಪರೂಪದಲ್ಲಿ ಅಪರೂಪ"ದ ಪ್ರಕರಣವೇ? 1980ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಅಳತೆಗೋಲು ಇದು. ಅಪರಾಧಿಯ ಹಿನ್ನೆಲೆ, ಮನಸ್ಥಿತಿ, ಸೆರೆಮನೆಯ ನಡತೆ ಇವುಗಳ ವರದಿ ತರಿಸಿ ನೋಡಬೇಕೆಂದು 2022ರಲ್ಲಿ ಅದೇ ನ್ಯಾಯಾಲಯ ಸೂಚಿಸಿತು. ಅಂದರೆ ಮನುಷ್ಯ ಬದಲಾಗಬಲ್ಲನೇ ಎಂದು ಕಾನೂನೂ ಕೇಳುತ್ತಿದೆ.

ಕಥೋಲಿಕ ಧರ್ಮಸಭೆ ಇನ್ನೂ ಒಂದು ಹೆಜ್ಜೆ ಮುಂದಿದೆ. 2018ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಧರ್ಮೋಪದೇಶ ಗ್ರಂಥದ 2267ನೇ ಪರಿಚ್ಛೇದವನ್ನು ತಿದ್ದಿಸಿ, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಸಾರಿದರು. ಇದರರ್ಥ ಕೊಲೆಗೆ ಶಿಕ್ಷೆ ಬೇಡವೆಂದಲ್ಲ. ಸಮಾಜವನ್ನು ಕಾಪಾಡುವ ಹೊಣೆ ಸರ್ಕಾರದ್ದು. ಪ್ರಾಣ ತೆಗೆಯದೆಯೂ ಅದನ್ನು ನಿಭಾಯಿಸಬಹುದು ಎಂಬುದು ಬೋಧನೆಯ ಸಾರ.

ಹೀಗಿರುವಾಗ ಧರ್ಮಕೇಂದ್ರಗಳಲ್ಲಿ ನಾವು ಮಾಡಬೇಕಾದದ್ದೇನು? ಶಿಕ್ಷೆ ಇಳಿದರೆ "ಕೋರ್ಟು ಮೋಸ ಮಾಡಿತು" ಎನ್ನುವ ಮುನ್ನ ತೀರ್ಪಿನ ಕಾರಣಗಳನ್ನು ಓದೋಣ. ಶಿಕ್ಷೆ ದೃಢಪಟ್ಟರೆ ಸಂಭ್ರಮಿಸದಿರೋಣ. ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಮನೆಗೆ, ಅವರು ಯಾವ ಧರ್ಮದವರೇ ಆಗಿರಲಿ, ವರ್ಷಗಳ ಬಳಿಕವೂ ಹೋಗಿ ಬರೋಣ. ಸೆರೆಮನೆ ಸೇವೆಯಲ್ಲಿರುವವರು ಅಪರಾಧಿಯ ಮನೆಯವರನ್ನೂ ಮರೆಯದಿರಲಿ. ಎರಡೂ ಮನೆಗಳ ಬಾಗಿಲು ತಟ್ಟುವ ಧೈರ್ಯವನ್ನು ಪ್ರಭು ನಮಗೆ ನೀಡಲಿ.