ಲೈನ್ ಮನೆಯಲ್ಲಿ ಸರೌಂಡ್ ಸೌಂಡು

ಹೆಡ್‌ಫೋನಿನ ಡಬ್ಬದ ಮೇಲೆ 7.1 ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ ಅನ್ನೋ ಒಂದೇ ಕಾರಣಕ್ಕೆ ದುಡ್ಡು ಕೊಡಬೇಡಿ. ನಾನು ಹೇಳಬೇಕಾಗಿರೋದು ಇಷ್ಟೇ, ಉಳಿದದ್ದು ಅದರ ಪುರಾಣ :-)

ಮೊದಲು ನಮ್ಮೂರಿನ ಕಷ್ಟ ಕೇಳಿ. ಕೆಜಿಎಫ್‌ನ ನಂದಿದುರ್ಗ ಗಣಿ ಸುತ್ತಮುತ್ತ ಇರೋದು ಲೈನ್ ಮನೆಗಳು. ಗಣಿ ಕಾರ್ಮಿಕರಿಗೆ ಅಂತ ಸಾಲಾಗಿ ಕಟ್ಟಿದ್ದು, ಎರಡು ಮನೆಗೆ ನಡುವೆ ಒಂದೇ ಗೋಡೆ. ನಮ್ಮ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಪಕ್ಕದ ಮನೆ ಆಂಟಿಯನ್ನ ಕೇಳಿದ್ರೆ ಸಾಕು, ಲೆಕ್ಕ ಸಿಗುತ್ತೆ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದ ಮೇಲೆ ಊರಿನ ಹೊಟ್ಟೆಪಾಡೆಲ್ಲ ಬೆಂಗಳೂರಿನ ರೈಲಿಗೆ ಜೋತುಬಿದ್ದಿದೆ. ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ಬೆಳಗಿನ ಜಾವದ ಗಾಡಿ ಹಿಡಿಯೋರು ರಾತ್ರಿ ಹತ್ತಕ್ಕೆಲ್ಲ ಮಲಗಲೇಬೇಕು. ಆ ಹೊತ್ತಿಗೆ ಸರಿಯಾಗಿ ನಾವು ಸೌಂಡ್‌ಬಾರ್ ಗುಡುಗಿಸಿಕೊಂಡು ಕೆಜಿಎಫ್ ಚಾಪ್ಟರ್ 2 ಹಾಕಿದ್ರೆ, ರಾಕಿ ಭಾಯ್‌ಗೂ ಪಕ್ಕದ ಮನೆಯವರಿಗೂ ನೇರ ಜಗಳ. ಹಾಗಾಗಿ ಇಂಥ ಮನೆಗಳಲ್ಲಿ ಹೆಡ್‌ಫೋನು ಶೋಕಿ ಅಲ್ಲ, ಅಕ್ಕಪಕ್ಕದವರ ಜೊತೆ ಚೆನ್ನಾಗಿರೋ ದಾರಿ.

ಸರಿ, ಯಾವುದು ತಗೋಬೇಕು? ಅಂಗಡಿಯವರು ಮೊದಲು ತೋರಿಸೋದೇ ಆ 7.1. ಬಹುತೇಕ ಎಲ್ಲಾ ಹೆಡ್‌ಫೋನಿನಲ್ಲೂ ಇರೋದು ಕಿವಿಗೊಂದು ಸ್ಪೀಕರು, ಒಟ್ಟು ಎರಡೇ. ಹಿಂದಿನಿಂದ ಬರೋ ಶಬ್ದ ನಮ್ಮ ತಲೆ, ಕಿವಿಯ ಮಡಿಕೆಗೆ ತಾಗಿ ಹೇಗೆ ಬದಲಾಗುತ್ತೋ ಅದನ್ನ ಲೆಕ್ಕ ಹಾಕಿ, ಅದೇ ಬದಲಾವಣೆಯನ್ನ ಎರಡು ಸ್ಪೀಕರಿಗೆ ಕೊಟ್ಟು ಮೆದುಳನ್ನ ಏಮಾರಿಸ್ತಾರೆ. ಇದು ನಿಜವಾದ ವಿಜ್ಞಾನವೇ, ಬುರುಡೆ ಅಲ್ಲ. ಆದ್ರೆ ಲೆಕ್ಕ ಹಾಕಿರೋದು ಸಾಮಾನ್ಯವಾಗಿ ಯಾವುದೋ ಸರಾಸರಿ ಕಿವಿಗೆ. ನಿಮ್ಮ ಕಿವಿ ಅದಕ್ಕೆ ಹತ್ತಿರ ಇದ್ರೆ ಹೆಲಿಕಾಪ್ಟರ್ ಬೆನ್ನ ಹಿಂದೆ ಹಾರುತ್ತೆ, ಇಲ್ದಿದ್ರೆ ತಲೆಯೊಳಗೇ ಹಾರುತ್ತೆ. ಇದನ್ನ ಡಬ್ಬ ನೋಡಿ ಹೇಳೋಕಾಗಲ್ಲ, ಹಾಕಿಕೊಂಡೇ ನೋಡಬೇಕು. ಇನ್ನೊಂದು ವಿಷಯ, ಟಿವಿಯಿಂದ ಮಾಮೂಲಿ ಬ್ಲೂಟೂತ್‌ನಲ್ಲಿ ಹೋಗೋದು ಎರಡು ಚಾನೆಲ್ ಮಾತ್ರ. 5.1 ಪೂರ್ತಿ ಬೇಕು ಅಂದ್ರೆ ಆಪ್ಟಿಕಲ್ ಕೇಬಲ್ಲೋ ಎಚ್‌ಡಿಎಂಐಯೋ ಸಿಕ್ಕಿಸೋ ಬೇಸ್ ಸ್ಟೇಷನ್ ಇರೋ ಸೆಟ್ಟು ನೋಡಿ.

ನನ್ನ ಪ್ರಕಾರ ಸರೌಂಡ್‌ಗಿಂತ ದೊಡ್ಡ ತಲೆನೋವು ತಡ. ಬ್ಲೂಟೂತ್‌ನ ಮಾಮೂಲಿ ಎಸ್‌ಬಿಸಿ ವಿಧಾನದಲ್ಲಿ ಶಬ್ದ 150ರಿಂದ 200 ಮಿಲಿಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಂದೆ ಬೀಳುತ್ತೆ. ಶಬ್ದ ಚಿತ್ರಕ್ಕಿಂತ ಸುಮಾರು 125 ಮಿಲಿಸೆಕೆಂಡು ಹಿಂದೆ ಬಿದ್ರೆ ನೋಡೋರಿಗೆ ಗೊತ್ತಾಗುತ್ತೆ ಅಂತ ಐಟಿಯುನವರು 1998ರಲ್ಲೇ ಬರೆದಿಟ್ಟಿದ್ದಾರೆ. ಮೊಬೈಲ್‌ನಲ್ಲಿ ಆಪ್‌ಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸ್ತವೆ. ಟಿವಿಗಳಲ್ಲಿ ಈ ಭರವಸೆ ಇಲ್ಲ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಇರೋ ಹೊಂದಾಣಿಕೆ ಸಾಮಾನ್ಯವಾಗಿ ಶಬ್ದವನ್ನ ಇನ್ನಷ್ಟು ತಡ ಮಾಡೋದಕ್ಕೆ. ಮೊದಲೇ ತಡವಾಗಿ ಬಂದವನಿಗೆ ಇನ್ನೂ ಸ್ವಲ್ಪ ನಿಲ್ಲಪ್ಪಾ ಅಂದ ಹಾಗೆ! ಅದಕ್ಕೇ ಟಿವಿಗೆ ಅಂತಲೇ ಮಾಡಿದ, ತನ್ನದೇ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಇರೋ ಹೆಡ್‌ಫೋನು ನನಗಿಷ್ಟ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಫೈಟ್ ಸೀನ್ ಹಾಕಬೇಡಿ. ಯಾರಾದ್ರೂ ಕ್ಯಾಮೆರಾ ನೋಡಿ ಮಾತಾಡೋ ಸೀನ್ ಹಾಕಿಸಿ, ತುಟಿ ನೋಡಿ.

ಮಾತು ಅಂದಾಗ ಅಪ್ಪನ ವಿಷಯ ಬರಲೇಬೇಕು. ನೆಲದಡಿಯಲ್ಲಿ ಡ್ರಿಲ್ ಹಿಡಿದು ವರ್ಷಗಟ್ಟಲೆ ದುಡಿದ ಕಿವಿ, ಈಗ ಮಂದ. ಇಂಥ ಅಪ್ಪಂದಿರು ನಮ್ಮ ಲೈನ್‌ನಲ್ಲೇ ಎಷ್ಟೋ ಜನ. ಅವರಿಗೆ ಹೆಲಿಕಾಪ್ಟರ್ ಎಲ್ಲಿ ಹಾರಿದ್ರೂ ಒಂದೇ, ಡೈಲಾಗ್ ಕೇಳಬೇಕು. 5.1ರಲ್ಲಿ ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ ಇರುತ್ತೆ. ಹೆಡ್‌ಫೋನಿನ ಸರೌಂಡ್ ಮೋಡ್ ಹಾಕಿದ್ರೆ ಹಲವು ಸೆಟ್ಟುಗಳಲ್ಲಿ ಆ ಮಾತಿಗೂ ಹಾಲ್‌ನ ಪ್ರತಿಧ್ವನಿ ಅಂಟಿಕೊಂಡು ಮಸುಕಾಗುತ್ತೆ. ಅಪ್ಪನ ಹೆಡ್‌ಫೋನಿನಲ್ಲಿ ನಾನು ಸರೌಂಡ್ ಆಫ್ ಮಾಡಿ, ಮಾತು ಎತ್ತಿ ಕೊಡೋ ಮೋಡ್ ಹಾಕಿದ್ದೀನಿ. ಹೇಗೂ ಅವರು ಹೆಚ್ಚು ನೋಡೋದು ರಾಜ್‌ಕುಮಾರ್ ಸಿನಿಮಾ. 1972ರ ಬಂಗಾರದ ಮನುಷ್ಯ ಮೋನೋ ಕಾಲದ್ದು, ಅದಕ್ಕೆ ಎಲ್ಲಿಂದ ಏಳು ಸ್ಪೀಕರು? ಒಂದು ಎಚ್ಚರಿಕೆ: ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸ್ತಾನೇ ಹೋದ್ರೆ ಉಳಿದಿರೋ ಕಿವಿಯೂ ಹೋಗುತ್ತೆ. 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರೋ ಮಿತಿ. ಮೊದಲು ಕಿವಿ ಡಾಕ್ಟರ್ ಹತ್ರ ಒಮ್ಮೆ ತೋರಿಸಿ, ಆಮೇಲೆ ಹೆಡ್‌ಫೋನು.

ಹೆಡ್‌ಫೋನು ಕೊಡಲಾರದ ಒಂದು ಶಬ್ದ ಇದೆ, ಎದೆಗೆ ಗುದ್ದೋ ಬೇಸ್. ಕೆಜಿಎಫ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಗಣಿ ನಡೀತಿದ್ದಾಗ ಕೆಳಗೆ ರಾಕ್ ಬರ್ಸ್ಟ್ ಆದ್ರೆ ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡ್ತಿತ್ತು ಅಂತ ಹಿರಿಯರು ಇವತ್ತಿಗೂ ಹೇಳ್ತಾರೆ. ಅದು ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗೋ ಶಬ್ದ. ಡಾಲ್ಬಿ ಅಟ್ಮಾಸ್ ತಲೆ ಮೇಲಿಂದ ಮಳೆ ಸುರಿಸುತ್ತೆ, ನೆಲದಡಿಯಿಂದ ಏನನ್ನೂ ತರಲ್ಲ. 2018ರ ಮೊದಲ ಕೆಜಿಎಫ್‌ಗೆ ನಮ್ಮ ಸೈನೈಡ್ ದಿಬ್ಬದ ಮೇಲೇ ಸೆಟ್ ಹಾಕಿದ್ರು, ಅಂಥ ಸಿನಿಮಾಕ್ಕೆ ಥಿಯೇಟರೇ ಸರಿ.

ಇನ್ನು ತೂಕ. ಎರಡನೇ ಭಾಗ ಎರಡು ಮುಕ್ಕಾಲು ಗಂಟೆ ಇದೆ. ಕನ್ನಡಕ ಹಾಕೋರು ಕನ್ನಡಕದ ಮೇಲೆ ಹಾಕ್ಕೊಂಡು ಅರ್ಧ ಗಂಟೆಯಾದ್ರೂ ನೋಡಿ.

ಕೊನೆಯದಾಗಿ, ಒಂದೇ ಹೆಡ್‌ಫೋನು ತಂದ್ರೆ ಮನೇಲಿ ಒಬ್ಬರು ಸಿನಿಮಾ ನೋಡ್ತಾರೆ, ಉಳಿದವರು ಮೂಕಿ ಚಿತ್ರ ನೋಡ್ತಾರೆ. ನಮ್ಮಮ್ಮ ಅಂತೂ ಅಪ್ಪ ನಕ್ಕಾಗಲೆಲ್ಲ "ಏನಂದ, ಏನಂದ" ಅಂತ ಕೇಳ್ತಿದ್ರು. ಒಂದೇ ಬೇಸ್‌ಗೆ ಎರಡು ಹೆಡ್‌ಫೋನು ಸೇರಿಸೋ ಸೆಟ್ಟುಗಳಿವೆ. ಆರಾಕಾಸ್ಟ್ ಇರೋ ಹೊಸ ಟಿವಿ ಆದ್ರೆ, ಅದು ಗೊತ್ತಿರೋ ಹೆಡ್‌ಫೋನು ಎಷ್ಟಿದ್ರೂ ನಡೆಯುತ್ತೆ. ಒಂದು 7.1 ಬದಲು ಅದೇ ದುಡ್ಡಿಗೆ ಸಾದಾ ಸ್ಟೀರಿಯೋ ಎರಡು ಬಂದ್ರೆ ನಾನು ಎರಡನ್ನೇ ತರ್ತೀನಿ. ನೀವು?