ಆಟದ ಹೆಸರಲ್ಲಿ ಎತ್ತಂಗಡಿ ಬೇಡ

ಸಂಪಾದಕರೇ,

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದಕ್ಕಿದೆ. 2036ರ ಒಲಿಂಪಿಕ್ಸ್ ಮೇಲೂ ಭಾರತ ಕಣ್ಣಿಟ್ಟಿದೆ. ಈ ಹೊತ್ತಿನಲ್ಲಿ ಜೂಲ್ಸ್ ಬಾಯ್ಕಾಫ್ ಅವರನ್ನು ಓದಲೇಬೇಕು. ಅಮೆರಿಕದ ಆರೆಗಾನ್‌ನ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುವ ಇವರು ಹಿಂದೆ ಫುಟ್‌ಬಾಲ್ ಆಟಗಾರರು. ಆಟದ ಮೇಲಿನ ಹಗೆಯಿಂದ ಬರೆದವರಲ್ಲ. ಒಲಿಂಪಿಕ್ಸ್‌ನ ಖರ್ಚು ಜನರ ತಲೆಗೆ, ಲಾಭ ಖಾಸಗಿಯವರ ಜೇಬಿಗೆ ಹೋಗುವ ಬಗೆಯನ್ನು ಪುಸ್ತಕದ ಮೇಲೆ ಪುಸ್ತಕ ಬರೆದು ಬಿಡಿಸಿಟ್ಟಿದ್ದಾರೆ.

ರಿಯೊದ ವಿಲಾ ಆಟೊಡ್ರೊಮೊ ನೋಡಿ. ಅಲ್ಲಿನ ಬಡ ನಿವಾಸಿಗಳ ಕೈಯಲ್ಲಿ ಸರ್ಕಾರವೇ ಕೊಟ್ಟ ಹಕ್ಕುಪತ್ರಗಳಿದ್ದವು. ಆದರೂ 2016ರ ಒಲಿಂಪಿಕ್ ಪಾರ್ಕ್ ಪಕ್ಕದಲ್ಲೇ ಎದ್ದಾಗ ಬುಲ್ಡೋಜರ್ ಬಂತು. ಸುಮಾರು 600 ಕುಟುಂಬಗಳಲ್ಲಿ ಹಟ ಹಿಡಿದು ಉಳಿದವು ಬರೀ 20. ಅವರಿಗೆ ಅಲ್ಲೇ ಸಾಲಾಗಿ ಪುಟ್ಟ ಬಿಳಿ ಮನೆ ಕಟ್ಟಿಕೊಟ್ಟರು. ಉಳಿದವರ ಅಂಗಳ, ಮರ, ನೆರೆಹೊರೆ ಎಲ್ಲ ಹೋಯಿತು.

ನಾವೇನೂ ಕಮ್ಮಿಯಿಲ್ಲ. 2010ರ ಕಾಮನ್‌ವೆಲ್ತ್ ಕೂಟದ ಹೊತ್ತಿಗೆ ದೆಹಲಿಯ ಕೊಳೆಗೇರಿಗಳು ಅತಿಥಿಗಳ ಕಣ್ಣಿಗೆ ಬೀಳದಂತೆ ರಸ್ತೆಬದಿಗೆ ಪರದೆ ಕಟ್ಟಿದ್ದು ಎಂಥ ಅವಮಾನ!

ಬಾಸ್ಟನ್ ನಾಗರಿಕರು ಪಟ್ಟುಹಿಡಿದು ಲೆಕ್ಕ ಕೇಳಿದರು; 2024ರ ಒಲಿಂಪಿಕ್ಸ್‌ಗೆ ಆ ನಗರದ ಬಿಡ್ 2015ರಲ್ಲೇ ಬಿದ್ದುಹೋಯಿತು. ಅಹಮದಾಬಾದಿನಲ್ಲೂ ಕ್ರೀಡಾಂಗಣಗಳ ನಕ್ಷೆಗೆ ಮುನ್ನ ಮನೆ ಕಳೆದುಕೊಳ್ಳುವವರ ಪಟ್ಟಿ, ಪರಿಹಾರ, ಪುನರ್ವಸತಿಯ ಜಾಗ ಪ್ರಕಟವಾಗಲಿ. ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲೂ ಆ ಸುದ್ದಿಗೆ ಜಾಗ ಕೊಡಿ.

– ಓರ್ವ ಓದುಗ, ಶಿವಮೊಗ್ಗ