ಆಡದ ಪಂದ್ಯಕ್ಕೆ ತೀರ್ಪು

ಎರಡು ತಂಡಗಳು ಎದುರುಬದುರಾಗಿ ಆಡಿದರೆ, ಆ ದಿನ ಯಾವುದು ಮೇಲಾಯಿತೆಂಬುದನ್ನು ಮಕ್ಕಳೂ ಹೇಳಬಲ್ಲರು. ಆದರೆ ಎಂದೂ ಸಂಧಿಸದ ಎರಡು ತಂಡಗಳಲ್ಲಿ ಮೇಲಾದುದು ಯಾವುದು? ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಆಯ್ಕೆ ಸಮಿತಿಯು ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಮೇಲ್ನೋಟಕ್ಕೆ ಇದು ಆಟದ ವಿಷಯ. ವಾಸ್ತವವಾಗಿ ಅಳತೆಯ ವಿಷಯ.

1939ರಲ್ಲಿ ಕೇವಲ 8 ತಂಡಗಳಿಂದ ಮೊದಲಾದ ಪುರುಷರ ಪಂದ್ಯಾವಳಿಯು 1985ರಲ್ಲಿ 64 ತಂಡಗಳಿಗೂ 2011ರಲ್ಲಿ 68 ತಂಡಗಳಿಗೂ ಬೆಳೆಯಿತು. ಕಾಲೇಜುಗಳ ಒಂದೊಂದು ಕೂಟದಲ್ಲಿಯೂ ಗೆದ್ದ ತಂಡಕ್ಕೆ ಸ್ಥಾನವು ತಾನಾಗಿಯೇ ದೊರೆಯುತ್ತದೆ. ಉಳಿದ ಸ್ಥಾನಗಳನ್ನು ಸಮಿತಿಯೇ ತುಂಬುತ್ತದೆ. ಬಳಿಕ ತಂಡಗಳನ್ನು ನಾಲ್ಕು ವಿಭಾಗಗಳಿಗೆ ಹಂಚಿ, ಪ್ರತಿಯೊಂದರಲ್ಲಿಯೂ 1ರಿಂದ 16ರವರೆಗೆ ಶ್ರೇಯಾಂಕ ಕೊಡಲಾಗುತ್ತದೆ. ಮೊದಲನೆಯದಕ್ಕೆ ಹದಿನಾರನೆಯದು ಎದುರಾಳಿ, ಎರಡನೆಯದಕ್ಕೆ ಹದಿನೈದನೆಯದು. ಒಮ್ಮೆ ಸೋತವರಿಗೆ ಮರು ಅವಕಾಶವಿಲ್ಲ. ಆದುದರಿಂದ ಶ್ರೇಯಾಂಕವೇ ಅರ್ಧ ಹಣೆಬರಹ.

ಇಲ್ಲಿರುವ ತೊಡಕನ್ನು ನೋಡೋಣ. ಪ್ರಥಮ ದರ್ಜೆಯಲ್ಲಿ 350ಕ್ಕೂ ಹೆಚ್ಚು ತಂಡಗಳಿವೆ. 350 ಎಂದೇ ಹಿಡಿದರೂ ಜೋಡಿಗಳ ಸಂಖ್ಯೆ 61,075. ಒಂದು ತಂಡವು ಋತುವಿನಲ್ಲಿ ಆಡುವುದು ಸುಮಾರು 30 ಪಂದ್ಯ. ಒಟ್ಟು 5,250 ಪಂದ್ಯಗಳಾದವು. ಹತ್ತರಲ್ಲಿ ಒಂದು ಪಾಲು ಜೋಡಿಗಳೂ ಸಂಧಿಸಲಿಲ್ಲವೆಂದಾಯಿತು! ಉಳಿದುದೆಲ್ಲ ಊಹೆಯೇ.

ಈ ಊಹೆಗೆ ನೆರವಾಗಲೆಂದು 1981ರಿಂದ ಆರ್‌ಪಿಐ ಎಂಬ ಸೂಚ್ಯಂಕವನ್ನು ಬಳಸಿದರು. ತಂಡದ ಗೆಲುವಿನ ಪ್ರಮಾಣಕ್ಕೆ ಕಾಲು ಭಾಗ, ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ ಭಾಗ, ಎದುರಾಳಿಗಳ ಎದುರಾಳಿಗಳಿಗೆ ಉಳಿದ ಕಾಲು ಭಾಗ. ಒಂದು ತಂಡವು 10 ಪಂದ್ಯಗಳಲ್ಲಿ 8ನ್ನು ಗೆದ್ದಿದೆ, ಉಳಿದೆರಡು ಪ್ರಮಾಣಗಳು 0.6 ಮತ್ತು 0.5 ಎಂದಿಟ್ಟುಕೊಳ್ಳಿ. ಸೂಚ್ಯಂಕ 0.625. ಈಗ ಆ ತಂಡವು ಒಂದು ಪಂದ್ಯವನ್ನೂ ಗೆಲ್ಲದ ದುರ್ಬಲ ತಂಡವೊಂದನ್ನು ಸೋಲಿಸಲಿ. ಗೆಲುವಿನ ಪ್ರಮಾಣ 0.818ಕ್ಕೆ ಏರುತ್ತದೆ, ಎದುರಾಳಿಗಳದು 0.545ಕ್ಕೆ ಇಳಿಯುತ್ತದೆ. ಮೂರನೆಯದು ಬದಲಾಗದಿದ್ದರೆ ಹೊಸ ಸೂಚ್ಯಂಕ 0.602. ಗೆದ್ದುದಕ್ಕಾಗಿ ದಂಡ ತೆತ್ತಂತಾಯಿತು!

2018ರಲ್ಲಿ ಈ ಸೂಚ್ಯಂಕವನ್ನು ಕೈಬಿಟ್ಟು ‘ನೆಟ್’ ಎಂಬ ಹೊಸದನ್ನು ತಂದರು. ಎದುರಾಳಿಯ ಬಲ, ಆಡಿದ ಸ್ಥಳ, ಚೆಂಡು ಕೈಗೆ ಬಂದಾಗಲೆಲ್ಲ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳು, ಇವೆಲ್ಲ ಅದರಲ್ಲಿ ಸೇರಿವೆ. ಇದು ಹೆಚ್ಚು ಸೂಕ್ಷ್ಮವಾದ ಅಳತೆಯೆಂಬುದನ್ನು ಒಪ್ಪೋಣ. ಆದರೆ ಅದರ ಅಂಗಗಳನ್ನು ವಿವರಿಸಿದವರು ಪೂರ್ಣ ಸೂತ್ರವನ್ನು ಪ್ರಕಟಿಸಲಿಲ್ಲ. ನಮ್ಮ ಆಕ್ಷೇಪಣೆಯಿರುವುದು ಇಲ್ಲಿಯೇ. ಹಳೆಯ ಸೂತ್ರದ ದೋಷವನ್ನು ನಾವು ಈಗತಾನೆ ಪೆನ್ಸಿಲಿನಿಂದ ಕಂಡುಕೊಂಡೆವು. ಅದು ಬಯಲಲ್ಲಿದ್ದುದರಿಂದಲೇ ಅದು ಸಾಧ್ಯವಾಯಿತು. ಮುಚ್ಚಿಟ್ಟ ಸೂತ್ರದಲ್ಲಿ ದೋಷವಿಲ್ಲವೆಂದು ಹೇಳುವವರಾರು? ಸೂತ್ರ ತಿಳಿದರೆ ತಂಡಗಳು ಅದಕ್ಕೆ ತಕ್ಕಂತೆ ಎದುರಾಳಿಗಳನ್ನು ಆರಿಸಿಕೊಳ್ಳುವುವೆಂಬ ವಾದವುಂಟು. ಹಾಗೆ ವಂಚಿಸಲು ಎಡೆಗೊಡುವ ಸೂತ್ರವನ್ನು ತಿದ್ದಬೇಕೇ ಹೊರತು ಬಚ್ಚಿಡಬಾರದು.

ಎಷ್ಟೇ ಉತ್ತಮವಾದರೂ ಶ್ರೇಯಾಂಕವು ಅಂದಾಜು ಮಾತ್ರ. 1985ರಿಂದ ಮೊದಲನೆಯ ಶ್ರೇಯಾಂಕದ ತಂಡಗಳು ಹದಿನಾರನೆಯವುಗಳನ್ನು 135 ಬಾರಿ ಎದುರಿಸಿ, ಒಮ್ಮೆಯೂ ಸೋತಿರಲಿಲ್ಲ. 2018ರ ಮಾರ್ಚಿಯಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ತಂಡವು ವರ್ಜೀನಿಯ ತಂಡವನ್ನು 74-54ರಿಂದ ಮಣಿಸಿತು. ಮರುವರ್ಷ ಅದೇ ವರ್ಜೀನಿಯ ಪ್ರಶಸ್ತಿಯನ್ನು ಗೆದ್ದಿತು! ಅಂದಾಜು ಸುಳ್ಳಾಗಿರಲಿಲ್ಲ, ಅದಕ್ಕೊಂದು ಮಿತಿಯಿತ್ತು, ಅಷ್ಟೆ.

ತಪ್ಪಿದ ಅಂದಾಜನ್ನು ಅಂಗಣವು ತಿದ್ದಬಲ್ಲದು. ಆದರೆ ಸ್ಥಾನವೇ ಸಿಗದೆ ಹೊರಗುಳಿದ ತಂಡಕ್ಕೆ ಆ ಅಂಗಣವೂ ಇಲ್ಲ. ಅದರ ವಿದ್ಯಾರ್ಥಿಗಳಿಗೆ ತಮ್ಮ ಲೆಕ್ಕವನ್ನು ತಾವೇ ಮಾಡಿ ನೋಡುವ ಹಕ್ಕಾದರೂ ಬೇಡವೆ? ವಿದ್ಯಾರ್ಥಿ ಮಿತ್ರರೇ, ಯಾವುದೇ ಶ್ರೇಣಿಪಟ್ಟಿ ನಿಮ್ಮ ಕೈಗೆ ಬಂದಾಗ ಮೊದಲು ಯಾರಿದ್ದಾರೆಂದು ನೋಡುವುದಕ್ಕೆ ಮುಂಚೆ, ಹೇಗೆ ಅಳೆದರೆಂದು ಕೇಳಿರಿ. ಬೇರೊಬ್ಬರು ಪರೀಕ್ಷಿಸಲಾಗದ ಅಳತೆಗೆ ವಿಜ್ಞಾನದಲ್ಲಿ ಬೆಲೆಯಿಲ್ಲ, ಆಟದಲ್ಲಿಯೂ ಇರಬಾರದು.